ಹಳೆ ಸೀರೆಯಿಂದ ಕೌದಿ: ಮೊದಲ ಸಲ ಹೊಲಿಯುವವರಿಗೆ

ಬೇಸಿಗೆ ಶುರುವಾದರೆ ಸಾಕು, ನನಗೆ ಒಂದೇ ಥರದ ಪ್ರಶ್ನೆಗಳು ಬರುತ್ತವೆ. "ಅಜ್ಜಿಯ ಸೀರೆಗಳು ಟ್ರಂಕಿನಲ್ಲಿವೆ. ಉಡೋಕಾಗಲ್ಲ, ಬಿಸಾಡೋಕೆ ಮನಸ್ಸಿಲ್ಲ. ಕೌದಿ ಮಾಡಬಹುದಾ?" "ಒಂದು ಕೌದಿಗೆ ಎಷ್ಟು ಸೀರೆ ಬೇಕು?" "ಮಷೀನಿನಲ್ಲಿ ಹೊಲಿದರೆ ನಡೆಯುತ್ತಾ?" "ಹೊಲಿದು ಮುಗಿಸಿದೆ, ನಡುವೆ ಉಬ್ಬಿ ನಿಂತಿದೆ, ಏನು ಮಾಡಲಿ?" ಒಬ್ಬೊಬ್ಬರಿಗೇ ಉತ್ತರ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಬರೆದಿದ್ದೇನೆ.

ಕೌದಿ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಹಳೆಯ ಹತ್ತಿ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಉದ್ದಕ್ಕೂ ಕೈಹೊಲಿಗೆ ಹಾಕಿದ ಹೊದಿಕೆಯೇ ಕೌದಿ. ಹಾಸಿಕೊಳ್ಳಲಿಕ್ಕೂ ಆಗುತ್ತದೆ, ಹೊದೆಯಲಿಕ್ಕೂ ಆಗುತ್ತದೆ. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ ಕಡೆಯ ಹಳ್ಳಿಮನೆಗಳಲ್ಲಿ ಇದು ದಿನನಿತ್ಯದ ವಸ್ತು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಹೊಲಿಯುವುದಕ್ಕೆ ಕವಂದಿ ಎನ್ನುತ್ತಾರೆ. ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂಥಾ ಕೂಡ ಇದೇ ಬಳಗದವು. ರಜಾಯಿಗೆ ಹತ್ತಿ ತುಂಬುತ್ತಾರಲ್ಲ, ಹಾಗೆ ಇದಕ್ಕೆ ಏನನ್ನೂ ತುಂಬುವುದಿಲ್ಲ. ಬಟ್ಟೆಯ ಹೊಟ್ಟೆಗೆ ಬಟ್ಟೆಯೇ.

ಬೇಸಿಗೆಯಲ್ಲೇ ಯಾಕೆ ಹೊಲಿಯಬೇಕು ಅಂದರೆ, ಹಿಂಗಾರಿ ಜೋಳ ಮನೆಗೆ ಬಂದ ಮೇಲೆ ಹೊಲದಲ್ಲಿ ಕೆಲಸ ಕಡಿಮೆ. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಹೋಗುವಂತಿಲ್ಲ, ಪಡಸಾಲೆಯಲ್ಲಿ ಕೂತು ಮಾಡುವ ಕೆಲಸ ಬೇಕು. ತೊಳೆದ ಬಟ್ಟೆ ಗಂಟೆಯಲ್ಲಿ ಒಣಗುತ್ತದೆ. ಮಾಳಿಗೆಯ ಮೇಲೆ ಮಲಗಿದರೆ ರಾತ್ರಿಯ ಮೊದಲ ಹೊತ್ತಿನಲ್ಲಿ ಹಾಸಿಗೆಯಾಗಿದ್ದ ತೆಳು ಕೌದಿಯನ್ನೇ ಬೆಳಗಿನ ಜಾವದ ಚಳಿಗೆ ಎಳೆದು ಹೊದ್ದುಕೊಳ್ಳಬಹುದು. ಊರಿನಲ್ಲಿ ಇಲ್ಲದಿದ್ದರೂ, ಮಕ್ಕಳಿಗೆ ರಜೆ ಇರುವ ಈ ಎರಡು ತಿಂಗಳು ನಿಮಗೂ ಒಳ್ಳೆಯ ಸಮಯ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮೊದಲ ಸಲವೇ ಡಬಲ್ ಕಾಟಿನ ಅಳತೆಗೆ ಕೈ ಹಾಕಬೇಡಿ. ಮಗುವಿನ ಕೌದಿಯಿಂದ ಶುರು ಮಾಡಿ. ಸುಮಾರು 90 ಸೆಂ.ಮೀ. ಅಗಲ, 107 ಸೆಂ.ಮೀ. ಉದ್ದ. ಇದಕ್ಕೆ ಒಂದೇ ಒಂದು ಸೀರೆ ಸಾಕು. ದಿನಕ್ಕೆ ಒಂದು ಗಂಟೆ ಕೂತರೆ ಎರಡು ಮೂರು ವಾರದಲ್ಲಿ ಮುಗಿಯುತ್ತದೆ. ದೊಡ್ಡದನ್ನು ಶುರು ಮಾಡಿ ಅರ್ಧಕ್ಕೆ ಬಿಟ್ಟವರು ತುಂಬಾ ಜನ. ಆ ಅರ್ಧ ಕೌದಿ ಅಟ್ಟದ ಮೇಲೆ ಇರುತ್ತದೆ, ಸೀರೆಯೂ ಹೋಯಿತು, ಕೌದಿಯೂ ಇಲ್ಲ. ಕೆಳಗಿನ ಅಳತೆಗಳೆಲ್ಲ ಈ ಸಣ್ಣ ಕೌದಿಗೆ ಕೊಟ್ಟಿದ್ದು. ದೊಡ್ಡದರ ಲೆಕ್ಕ ಕೊನೆಯ ಕಡೆ ಇದೆ.

ಏನೇನು ಬೇಕು

ಒಂದು ಹಳೆಯ ಹತ್ತಿ ಸೀರೆ, ಸುಮಾರು ಐದೂವರೆ ಮೀಟರ್ ಉದ್ದದ್ದು. ಮೇಲಿನ ಬಣ್ಣಕ್ಕೆ ಇನ್ನಷ್ಟು ತುಂಡುಗಳು: ಕುಪ್ಪಸ, ಅಂಗಿ, ಲುಂಗಿ, ಧೋತರ, ಮಕ್ಕಳ ಫ್ರಾಕು, ಯಾವುದಾದರೂ ಸರಿ, ಹತ್ತಿಯದಾಗಿರಲಿ.

ದಪ್ಪ ಹತ್ತಿ ದಾರ. ಮಷೀನಿನ ತೆಳು ದಾರ ಬೇಡ, ಅದು ಮೆತ್ತಗಿನ ಬಟ್ಟೆಯನ್ನು ಕೊಯ್ದುಬಿಡುತ್ತದೆ. ಕ್ರೋಶಾ ಹಾಕುವ ಸಣ್ಣ ಹತ್ತಿ ದಾರದ ಉಂಡೆ ಸಿಕ್ಕರೆ ಅದೇ ಒಳ್ಳೆಯದು. ಕಸೂತಿಗೆ ಬಳಸುವ ಲಡಿ ದಾರವೂ ನಡೆಯುತ್ತದೆ, ಆದರೆ ಒಂದು ಲಡಿಯಲ್ಲಿ ಇರುವುದು ಸುಮಾರು 8 ಮೀಟರ್. ನಿಮಗೆ ಬೇಕಾಗುವುದು 80ರಿಂದ 100 ಮೀಟರ್. ಲಡಿ ಲೆಕ್ಕದಲ್ಲಿ ದುಬಾರಿಯಾಗುತ್ತದೆ.

ದೊಡ್ಡ ಕಣ್ಣಿನ, ಬೆರಳುದ್ದದ ಸೂಜಿ ಎರಡು. ಗೋಣಿಚೀಲ ಹೊಲಿಯುವ ದಬ್ಬಣ ಬೇಡ, ಅದು ಬಟ್ಟೆಗೆ ತೂತು ಮಾಡುತ್ತದೆ. ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಲೋಹದ ಟೋಪಿ ಒಂದು ತೆಗೆದುಕೊಳ್ಳಿ. ಮೊದಲ ದಿನ ಬೇಡ ಅನ್ನಿಸುತ್ತದೆ, ಮೂರನೇ ದಿನ ನಡುಬೆರಳು ಕೇಳುತ್ತದೆ. ಕತ್ತರಿ, ಅಳತೆ ಟೇಪು, ದರ್ಜಿ ಚಾಕ್‌ಪೀಸು, ಸೇಫ್ಟಿ ಪಿನ್ನು ನಾಲ್ಕು ಡಜನ್, ಒಂದು ತುಂಡು ಮೇಣದ ಬತ್ತಿ. ಅಷ್ಟೇ.

1. ಬಟ್ಟೆ ಆರಿಸುವುದು

ಕೌದಿ ಕೆಡುವುದು ಹೊಲಿಗೆಯಿಂದ ಅಂತ ನಾವು ಅಂದುಕೊಳ್ಳುತ್ತೇವೆ. ನಾನು ನೋಡಿದ ಮಟ್ಟಿಗೆ ಅದು ಕೆಡುವುದು ಸೂಜಿ ಹಿಡಿಯುವ ಮೊದಲೇ. ಬಟ್ಟೆ ಆರಿಸುವಾಗ ಮತ್ತು ಹಾಸುವಾಗ. ಅದಕ್ಕೇ ಈ ಎರಡು ಹಂತಕ್ಕೆ ಜಾಸ್ತಿ ಸಮಯ ಕೊಡಿ.

ಸೀರೆಯನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಉಟ್ಟ ಸೀರೆ ಎಲ್ಲಾ ಕಡೆ ಒಂದೇ ಥರ ಸವೆಯುವುದಿಲ್ಲ. ಸೊಂಟಕ್ಕೆ ಸಿಕ್ಕಿಸುವ ಕಡೆ, ಕಾಲಿಗೆ ತಾಗುವ ಕೆಳ ಅಂಚಿನ ಹತ್ತಿರ ಎಳೆಗಳು ಜಾಳಾಗಿ ಬೆಳಕು ಹಾಯುತ್ತದೆ. ಆದರೆ ಸೆರಗಿನ ಹತ್ತಿರದ ಬಟ್ಟೆ ಇನ್ನೂ ಗಟ್ಟಿಯಾಗಿರುತ್ತದೆ. ಚಾಕ್‌ಪೀಸಿನಿಂದ ಜಾಳು ಜಾಗಕ್ಕೆ ಗುರುತು ಮಾಡಿ. ಗಟ್ಟಿ ಭಾಗ ಅಡಿಪದರಕ್ಕೆ ಮತ್ತು ಮೇಲಿನ ತುಂಡುಗಳಿಗೆ. ಜಾಳಾದದ್ದು ಒಳಪದರಕ್ಕೆ. ಒಳಗೆ ಸಣ್ಣಪುಟ್ಟ ತೂತಿದ್ದರೂ ಪರವಾಗಿಲ್ಲ, ಅದರ ಮೇಲೆ ಒಂದು ತೇಪೆ ಇಟ್ಟರೆ ಮುಗಿಯಿತು.

ಎಷ್ಟು ಹಳೆಯದು ನಡೆಯುತ್ತದೆ ಅಂತ ಕೇಳುವವರಿಗೆ ಒಂದು ಪರೀಕ್ಷೆ. ಅಂಚಿನಿಂದ ಕತ್ತರಿಯಲ್ಲಿ ಒಂದು ಬೆರಳಷ್ಟು ಕಚ್ಚು ಹಾಕಿ, ಎರಡೂ ಕೈಯಿಂದ ಹರಿಯಿರಿ. 'ಚರ್' ಎಂದು ಸದ್ದು ಮಾಡುತ್ತಾ, ಸ್ವಲ್ಪ ತಡೆಯುತ್ತಾ, ಎಳೆಯ ಜೊತೆಗೇ ನೇರವಾಗಿ ಹರಿದರೆ ಬಟ್ಟೆ ಕೌದಿಗೆ ಸರಿಯಾಗಿದೆ. ಸದ್ದೇ ಇಲ್ಲದೆ ನೆನೆದ ಕಾಗದದ ಹಾಗೆ ಬಿಟ್ಟುಕೊಂಡರೆ ಅದರ ಕಾಲ ಮುಗಿದಿದೆ. ಅದನ್ನು ಒಳಗೂ ಹಾಕಬೇಡಿ. ಪುಡಿಯಾಗಿ ಒಂದು ಕಡೆ ಸೇರಿಕೊಳ್ಳುತ್ತದೆ.

ಹತ್ತಿ ಹೌದೋ ಅಲ್ಲವೋ ಅನುಮಾನ ಇದ್ದರೆ ಒಂದೆರಡು ಎಳೆ ಕಿತ್ತು, ಹೊರಗೆ ನೀರಿನ ತಟ್ಟೆಯ ಮೇಲೆ ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ. ಹತ್ತಿ ಕಾಗದದ ವಾಸನೆ ಬಂದು ಉರಿಯುತ್ತದೆ, ಮೆತ್ತಗಿನ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಕೌದಿಗೆ ಪಾಲಿಯೆಸ್ಟರ್ ಯಾಕೆ ಬೇಡ ಅಂದರೆ, ಬೇಸಿಗೆಯಲ್ಲಿ ಬೆವರು ಹೀರುವುದಿಲ್ಲ, ಮೈಗೆ ಅಂಟುತ್ತದೆ. ಮೇಲಾಗಿ ಹತ್ತಿ ತೊಳೆದಂತೆ ಮೆತ್ತಗಾಗುತ್ತದೆ, ಅದು ಆಗುವುದಿಲ್ಲ. ಎರಡನ್ನೂ ಸೇರಿಸಿ ಹೊಲಿದರೆ ನಾಲ್ಕು ಒಗೆತಕ್ಕೆ ಕೌದಿ ಸುಕ್ಕುಸುಕ್ಕಾಗುತ್ತದೆ.

ಇಳಕಲ್ ಸೀರೆ ಇರುವವರು ಸ್ವಲ್ಪ ತಡೆಯಿರಿ. ಇಳಕಲ್ ಸೀರೆಯ ಒಡಲು ಹತ್ತಿಯದೇ ಆದರೂ ಸೆರಗು ರೇಷ್ಮೆಯದಿರುತ್ತದೆ. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಸೇರಿಸಿರುತ್ತಾರೆ, ಆ ಕೂಡುವಿಕೆಯೇ ಆ ಸೀರೆಯ ಹೆಚ್ಚುಗಾರಿಕೆ. ಒಡಲು ಸವೆದಿದ್ದರೆ ಅದನ್ನು ಧಾರಾಳವಾಗಿ ಕೌದಿಗೆ ಹಾಕಿ. ಸೆರಗನ್ನು ಚೂರು ಮಾಡಬೇಡಿ. ಕೊಂಡಿಯ ಆಚೆ ಒಂದು ಗೇಣು ಒಡಲು ಬಿಟ್ಟು ಕತ್ತರಿಸಿ, ಬೇರೆಯಾಗಿ ತೆಗೆದಿಡಿ. ಇನ್ನೂ ಉಡಬಹುದಾದ ಸೀರೆಯನ್ನಂತೂ ಕೌದಿಯ ಆಸೆಗೆ ಹರಿಯಲೇಬೇಡಿ. ಇದನ್ನು ನಾನು ಕೈಮುಗಿದು ಹೇಳುತ್ತೇನೆ.

ಗುಳೇದಗುಡ್ಡದ ಖಣದ ಹಳೆ ಕುಪ್ಪಸಗಳು ಸಿಕ್ಕರೆ ನಿಮ್ಮ ಅದೃಷ್ಟ. ಅಂಗೈಯಷ್ಟು ತುಂಡಿನಲ್ಲೂ ನೇಯ್ಗೆಯ ಚಿತ್ತಾರ ಪೂರ್ತಿ ಕಾಣುತ್ತದೆ. ಅಲ್ಲಲ್ಲಿ ಐದಾರು ತುಂಡು ಇಟ್ಟರೆ ಸಾಕು, ಇಡೀ ಕೌದಿ ಎದ್ದು ಕಾಣುತ್ತದೆ. ಜರಿ ಇರುವ ಅಂಚನ್ನು ಮಾತ್ರ ಬಿಡಿಸಿಬಿಡಿ, ಮಗುವಿನ ಮೈಗೆ ಚುಚ್ಚುತ್ತದೆ.

2. ತೊಳೆಯುವುದು ಮತ್ತು ಬಣ್ಣದ ಪರೀಕ್ಷೆ

ಟ್ರಂಕಿನಿಂದ ತೆಗೆದ ಬಟ್ಟೆಯನ್ನು ಹಾಗೇ ಹೊಲಿಯಬೇಡಿ. ಹಳೆಯ ಹತ್ತಿ ಸೀರೆಗಳಲ್ಲಿ ಗಂಜಿ ಇರುತ್ತದೆ. ಗಂಜಿ ಇದ್ದಲ್ಲಿಗೆ ಬೆಳ್ಳಿಹುಳು ಬರುತ್ತದೆ. ರಾತ್ರಿ ನೀರಿನಲ್ಲಿ ನೆನೆಸಿಟ್ಟು, ಬೆಳಿಗ್ಗೆ ಸೌಮ್ಯ ಸೋಪಿನಲ್ಲಿ ತೊಳೆದು, ಎರಡು ಮೂರು ಸಲ ಜಾಲಿಸಿ ಒಣಗಿಸಿ. ಹೊಸ ಹತ್ತಿ ತುಂಡು ಏನಾದರೂ ಸೇರಿಸುತ್ತಿದ್ದರೆ ಅದನ್ನು ಎರಡು ಸಲ ತೊಳೆಯಿರಿ. ಕುಗ್ಗುವುದೆಲ್ಲ ಈಗಲೇ ಕುಗ್ಗಲಿ.

ಆಮೇಲೆ ಬಣ್ಣ. ಕೆಂಪು, ಕುಂಕುಮದ ಬಣ್ಣ, ಗಾಢ ನೀಲಿ, ಕಪ್ಪು, ಇವುಗಳ ಮೇಲೆ ಕಣ್ಣಿಡಿ. ಒಂದು ಬಿಳಿ ಬಟ್ಟೆಯನ್ನು ಒದ್ದೆ ಮಾಡಿ, ಬಣ್ಣದ ತುಂಡಿನ ಮೇಲೆ ಒತ್ತಿ ಇಪ್ಪತ್ತು ಸಲ ಉಜ್ಜಿ. ಬಿಳಿಗೆ ಬಣ್ಣ ಹತ್ತಿದರೆ ಆ ತುಂಡನ್ನು ಮತ್ತೆ ಮತ್ತೆ ತೊಳೆದು ನೋಡಿ. ಮೂರು ಒಗೆತದ ನಂತರವೂ ಬಿಡುತ್ತಿದ್ದರೆ ಪಕ್ಕಕ್ಕಿಡಿ. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬಟ್ಟೆಗೆ ಬಣ್ಣ ಹಾಕುವಾಗ ಉಪ್ಪು ಕೆಲಸಕ್ಕೆ ಬರುತ್ತದೆ ನಿಜ. ಆದರೆ ಆಗಲೇ ಬಿಡುತ್ತಿರುವ ಬಣ್ಣವನ್ನು ಅದು ಹಿಡಿದಿಡುವುದಿಲ್ಲ. ನನ್ನ ಮೊದಲ ಕೌದಿಯಲ್ಲಿ ಅಪ್ಪನ ಬಿಳಿ ಧೋತರದ ಪಕ್ಕ ಕೆಂಪು ತುಂಡು ಇಟ್ಟಿದ್ದೆ, ಉಪ್ಪನ್ನು ನಂಬಿ. ಒಂದೇ ಒಗೆತಕ್ಕೆ ಧೋತರದ ತುಂಡೆಲ್ಲ ಗುಲಾಬಿಯಾಯಿತು, ಮತ್ತೆ ಬಿಳಿಯಾಗಲೇ ಇಲ್ಲ.

3. ಹರಿದುಕೊಳ್ಳುವುದು

ಒಣಗಿದ ಬಟ್ಟೆಗೆ ಇಸ್ತ್ರಿ ಹಾಕಿ. ನಂತರ ಹೀಗೆ ಹರಿದುಕೊಳ್ಳಿ:

ಅಡಿಪದರ ಒಂದು. ಸೀರೆಯ ಉದ್ದದಲ್ಲಿ 98 ಸೆಂ.ಮೀ.ಗೆ ಹರಿಯಿರಿ. ಸೀರೆಯ ಅಗಲ ಸುಮಾರು 115 ಸೆಂ.ಮೀ. ಇರುತ್ತದೆ, ಅದನ್ನು ಹಾಗೇ ಬಿಡಿ, ಅದೇ ಕೌದಿಯ ಉದ್ದವಾಗುತ್ತದೆ.

ಒಳಪದರ ಎರಡು. ಒಂದೊಂದೂ ಸೀರೆಯ ಉದ್ದದಲ್ಲಿ 90 ಸೆಂ.ಮೀ., ಸೀರೆಯ ಅಗಲದಲ್ಲಿ 107 ಸೆಂ.ಮೀ. ಅಂದರೆ ಅಡಿಪದರ ನಾಲ್ಕೂ ಕಡೆ 4 ಸೆಂ.ಮೀ. ದೊಡ್ಡದಾಗಿ ಉಳಿಯುತ್ತದೆ. ಇದನ್ನೇ ಆಮೇಲೆ ಮೇಲಕ್ಕೆ ಮಡಚಿ ಅಂಚು ಮಾಡುತ್ತೇವೆ, ನೆನಪಿರಲಿ.

ಮೇಲಿನ ತುಂಡುಗಳು. 18 ಸೆಂ.ಮೀ. ಚೌಕ, ಸುಮಾರು 42 ಬೇಕು. ಕೌದಿಯ ಅಗಲಕ್ಕೆ ಆರು, ಉದ್ದಕ್ಕೆ ಏಳು. ಎಲ್ಲವೂ ಒಂದೇ ಅಳತೆ ಇರಬೇಕು ಅಂತೇನೂ ಇಲ್ಲ. ಹಳ್ಳಿಯ ಕೌದಿಗಳಲ್ಲಿ ತುಂಡು ಇದ್ದ ಹಾಗೇ ಕೂತಿರುತ್ತದೆ, ಅದರ ಚಂದವೇ ಬೇರೆ. ಮೊದಲ ಸಲಕ್ಕೆ ಚೌಕ ಸುಲಭ ಅಂತ ಹೇಳುತ್ತಿದ್ದೇನೆ.

ಕತ್ತರಿಗಿಂತ ಕೈಯಲ್ಲಿ ಹರಿದದ್ದೇ ನೇರ ಬರುತ್ತದೆ, ಯಾಕೆಂದರೆ ಅದು ಎಳೆಯ ದಾರಿಯಲ್ಲೇ ಹೋಗುತ್ತದೆ. ಓರೆಯಾಗಿ ಕತ್ತರಿಸಿದ ತುಂಡು ಹಿಗ್ಗುತ್ತದೆ, ಹೊಲಿಯುವಾಗ ಸುಳಿ ಸುತ್ತುತ್ತದೆ. ಇಷ್ಟಾದರೂ ಸೀರೆಯಲ್ಲಿ ಎರಡೂವರೆ ಮೀಟರಿನಷ್ಟು ಉಳಿದಿರುತ್ತದೆ. ಮೇಲಿನ ತುಂಡುಗಳಲ್ಲಿ ಅರ್ಧವನ್ನು ಅದರಿಂದಲೇ ಹರಿದುಕೊಳ್ಳಿ.

4. ಬಣ್ಣ ಜೋಡಿಸುವುದು

ನೆಲದ ಮೇಲೆ ತುಂಡುಗಳನ್ನೆಲ್ಲ ಹರಡಿ ಮೂರು ಗುಂಪು ಮಾಡಿ: ಗಾಢ, ತಿಳಿ, ನಡುವಿನದು. ಎರಡು ಗಾಢ ತುಂಡುಗಳು ಪಕ್ಕಪಕ್ಕ ಬರದಂತೆ ಇಟ್ಟರೆ ಸಾಮಾನ್ಯವಾಗಿ ತಪ್ಪಾಗುವುದಿಲ್ಲ. ಹೂಗಳ ಪ್ರಿಂಟ್ ಪಕ್ಕ ಹೂಗಳ ಪ್ರಿಂಟ್ ಇಟ್ಟರೆ ಎರಡೂ ಕಾಣುವುದಿಲ್ಲ, ನಡುವೆ ಒಂದು ಸಾದಾ ತುಂಡು ಬರಲಿ. ಫೋನಿನಲ್ಲಿ ಒಂದು ಫೋಟೋ ತೆಗೆದು ಕಪ್ಪುಬಿಳುಪು ಮಾಡಿ ನೋಡಿ. ಎಲ್ಲಿ ಗಾಢ ಬಣ್ಣ ಗುಂಪುಗೂಡಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಒಂದೇ ಬಣ್ಣದ ದಾರ ಇಡೀ ಕೌದಿಗೆ ಬಳಸಿ. ಬಿಳಿ ಅಥವಾ ಕೆಂಪು. ಬೇರೆ ಬೇರೆ ಬಟ್ಟೆಗಳನ್ನು ಒಂದು ಮಾಡಿ ತೋರಿಸುವುದು ಆ ದಾರವೇ.

5. ಹಾಸುವುದು

ದಯವಿಟ್ಟು ಈ ಹಂತವನ್ನು ಹಾಸಿಗೆ ಮೇಲೆ, ಸೋಫಾ ಮೇಲೆ ಮಾಡಬೇಡಿ. ನೆಲವೇ ಬೇಕು. ನೆಲ ಒರೆಸಿ, ಫ್ಯಾನ್ ಆರಿಸಿ.

ಅಡಿಪದರವನ್ನು ಮಗುಚಿ, ಅಂದರೆ ಒಳಮೈ ಮೇಲೆ ಬರುವಂತೆ ಹಾಸಿ. ನಾಲ್ಕು ಮೂಲೆಗೂ ಭಾರ ಇಡಿ, ನಾನು ಅಡುಗೆಮನೆಯ ಡಬ್ಬಿಗಳನ್ನೇ ಇಡುತ್ತೇನೆ. ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ. ಬಿಗಿಯಾಗಿ ಎಳೆಯಬೇಡಿ, ಸವರಿದರೆ ಸಾಕು. ಎಳೆದು ಹಾಸಿದ ಬಟ್ಟೆ ಬಿಟ್ಟಾಗ ಮುದುಡಿಕೊಳ್ಳುತ್ತದೆ, ಸುಕ್ಕು ಶುರುವಾಗುವುದೇ ಅಲ್ಲಿ. ಅದರ ಮೇಲೆ ಒಳಪದರ ಒಂದು, ಮತ್ತೆ ಸವರಿ, ಇನ್ನೊಂದು, ಮತ್ತೆ ಸವರಿ. ಒಳಪದರಗಳ ಜಾಳು ಜಾಗಗಳು ಒಂದರ ಮೇಲೊಂದು ಬಂದಿದ್ದರೆ ಒಂದನ್ನು ತಿರುಗಿಸಿ ಹಾಕಿ.

ಈಗ ಬಣ್ಣದ ತುಂಡುಗಳು. ಒಂದು ಮೂಲೆಯಿಂದ ಶುರು ಮಾಡಿ. ಮೊದಲ ತುಂಡನ್ನು ಹಾಗೇ ಇಡಿ. ಎರಡನೆಯದರ ಒಂದು ಅಂಚನ್ನು ಒಂದು ಸೆಂ.ಮೀ. ಒಳಕ್ಕೆ ಮಡಚಿ, ಮೊದಲಿನದರ ಮೇಲೆ ಎರಡು ಸೆಂ.ಮೀ. ಏರಿಸಿ ಇಡಿ. ಮನೆಯ ಹೆಂಚು ಹೊದಿಸಿದ ಹಾಗೆ, ಒಂದರ ಬಾಯಿ ಇನ್ನೊಂದರಿಂದ ಮುಚ್ಚಿಹೋಗಬೇಕು. ಹಸಿ ಅಂಚು, ಅಂದರೆ ಎಳೆ ಬಿಟ್ಟುಕೊಳ್ಳುವ ಹರಿದ ಬದಿ, ಎಲ್ಲಿಯೂ ಹೊರಗೆ ಕಾಣಬಾರದು. ಪ್ರತಿ ತುಂಡಿಗೂ ಒಂದು ಪಿನ್ನು ಹಾಕುತ್ತಾ ಹೋಗಿ, ಪಿನ್ನು ನಾಲ್ಕೂ ಪದರ ಹಿಡಿಯಬೇಕು.

6. ಕಚ್ಚಾ ಹೊಲಿಗೆ

ಕಚ್ಚಾ ಹೊಲಿಗೆ ಅಂದರೆ ಆಮೇಲೆ ಬಿಚ್ಚಿಬಿಡುವ ಉದ್ದುದ್ದ ಹೊಲಿಗೆ. ಪದರಗಳು ಅಲುಗಾಡದಂತೆ ಹಿಡಿದಿಡುವುದಷ್ಟೇ ಇದರ ಕೆಲಸ. ಇದನ್ನು ಬಿಟ್ಟು ನೇರ ಹೊಲಿಗೆಗೆ ಹೋಗುವವರದ್ದೇ "ನಡುವೆ ಉಬ್ಬಿದೆ" ಅನ್ನುವ ಪ್ರಶ್ನೆ.

ಯಾಕೆ ಉಬ್ಬುತ್ತದೆ ಕೇಳಿ. ಕೌದಿಯನ್ನು ಅಂಚಿನಿಂದ ಸುತ್ತ ಹೊಲಿಯುತ್ತಾ ಒಳಕ್ಕೆ ಬರುತ್ತೇವೆ. ಪ್ರತಿ ಸುತ್ತಿಗೂ ಮೇಲಿನ ಬಟ್ಟೆ ಒಂದೊಂದು ಎಳೆಯಷ್ಟು ಮುಂದೆ ಸರಿಯುತ್ತದೆ. ಹದಿನೈದು ಇಪ್ಪತ್ತು ಸುತ್ತು ಆಗುವ ಹೊತ್ತಿಗೆ ಆ ಹೆಚ್ಚುವರಿ ಬಟ್ಟೆಯೆಲ್ಲ ನಡುವೆ ಬಂದು ಸೇರುತ್ತದೆ, ಹೋಗಲು ಜಾಗ ಇರುವುದಿಲ್ಲ. ವರ್ಷಗಟ್ಟಲೆ ಹೊಲಿದವರು ಸೂಜಿಯ ಮುಂದೆ ಎಡಗೈಯಿಂದ ಸವರುತ್ತಾ ಸವರುತ್ತಾ ಅದನ್ನು ತಡೆಯುತ್ತಾರೆ. ನಮಗೆ ಆ ಕೈ ಇನ್ನೂ ಬಂದಿಲ್ಲ, ಅಲ್ವಾ? ಅದಕ್ಕೆ ಕಚ್ಚಾ ಹೊಲಿಗೆ.

ಗೇಣಿಗೊಂದು ಸಾಲು ಹಾಕಿ. ಉದ್ದಕ್ಕೆ ಐದಾರು, ಅಡ್ಡಕ್ಕೆ ಐದಾರು. ನಡುವಿನಿಂದ ಶುರು ಮಾಡಿ ಹೊರಕ್ಕೆ ಹೋಗಿ. ಒಂದೊಂದು ಹೊಲಿಗೆ ನಾಲ್ಕು ಬೆರಳು ಉದ್ದ ಇದ್ದರೂ ಸರಿ. ಬೇರೆ ಬಣ್ಣದ ಯಾವುದಾದರೂ ಹಳೆ ದಾರ ಬಳಸಿ, ಬಿಚ್ಚುವಾಗ ಕಾಣುತ್ತದೆ. ಮುಗಿದ ಮೇಲೆ ಪಿನ್ನುಗಳನ್ನು ತೆಗೆದು ಎಣಿಸಿ. ಎಷ್ಟು ಹಾಕಿದ್ದಿರೋ ಅಷ್ಟೂ ಕೈಗೆ ಬರಬೇಕು. ಮಗು ಮಲಗುವ ಬಟ್ಟೆ ಇದು.

7. ಅಂಚು ಮತ್ತು ಮೂಲೆಯ ಹೂ

ಅಡಿಪದರ ನಾಲ್ಕು ಕಡೆ ಹೊರಗೆ ಉಳಿದಿದೆಯಲ್ಲ, ಅದನ್ನು ಮೊದಲು ಒಂದು ಸೆಂ.ಮೀ. ಒಳಕ್ಕೆ ಮಡಚಿ. ನಂತರ ಉಳಿದ ಮೂರು ಸೆಂ.ಮೀ. ಅನ್ನು ಬಣ್ಣದ ತುಂಡುಗಳ ಮೇಲಕ್ಕೆ ಎಳೆದು ಪಿನ್ನು ಮಾಡಿ. ಎದುರುಬದುರು ಬದಿಗಳನ್ನು ಮೊದಲು ಮುಗಿಸಿ, ಆಮೇಲೆ ಉಳಿದ ಎರಡು. ಸೀರೆಯ ಅಂಚು ಅಡಿಪದರದ ಬದಿಗೆ ಬಂದಿದ್ದರೆ ಅದೇ ಕೌದಿಯ ಅಂಚಾಗಿ ಮೇಲೆ ಕಾಣುತ್ತದೆ, ತುಂಬಾ ಚಂದ. ಅಂಥ ಕಡೆ ಒಂದು ಸೆಂ.ಮೀ. ಮಡಚುವ ಅಗತ್ಯವೂ ಇಲ್ಲ, ನೇಯ್ದ ಅಂಚು ಎಳೆ ಬಿಡುವುದಿಲ್ಲ.

ಸಿದ್ದಿ ಮಹಿಳೆಯರ ಕವಂದಿಯಲ್ಲಿ ಮೂಲೆಗಳಿಗೆ ಬಟ್ಟೆಯ ಹೂ ಇರುತ್ತದೆ, ಫೂಲ ಎನ್ನುತ್ತಾರೆ. ಅದಿಲ್ಲದೆ ಕವಂದಿ ಪೂರ್ತಿಯಾಯಿತು ಅಂತ ಅವರು ಒಪ್ಪುವುದಿಲ್ಲ. ನಮ್ಮ ಸಣ್ಣ ಕೌದಿಗೆ ಸರಳವಾದದ್ದೊಂದು ಮಾಡೋಣ. 8 ಸೆಂ.ಮೀ. ಚೌಕ ತೆಗೆದುಕೊಂಡು ಮೂಲೆಯಿಂದ ಮೂಲೆಗೆ ಮಡಚಿ. ತ್ರಿಕೋನವಾಯಿತು. ಅದನ್ನು ಮತ್ತೊಮ್ಮೆ ಮಡಚಿ, ಸಣ್ಣ ತ್ರಿಕೋನ. ಹಸಿ ಅಂಚುಗಳೆಲ್ಲ ಈಗ ಉದ್ದ ಬದಿಯಲ್ಲಿವೆ. ಆ ಉದ್ದ ಬದಿಯನ್ನು ಮೂಲೆಯ ಹತ್ತಿರ ಅಂಚಿನ ಮಡಿಕೆಯೊಳಗೆ ಸಿಕ್ಕಿಸಿ, ತುದಿ ಕೌದಿಯ ಒಳಮುಖಕ್ಕೆ ಇರಲಿ. ಬೇರೆ ಬಣ್ಣದ ಇನ್ನೊಂದನ್ನು ಅದರ ಮೇಲೆ ಸ್ವಲ್ಪ ಹಿಂದಕ್ಕೆ ಸರಿಸಿ ಇಟ್ಟರೆ ಎರಡು ದಳದ ಹಾಗೆ ಕಾಣುತ್ತದೆ. ಗುಂಡಿ, ಮಣಿ, ಕನ್ನಡಿ ಮಾತ್ರ ಮಗುವಿನ ಕೌದಿಗೆ ಹಚ್ಚಲೇಬೇಡಿ. ಮಕ್ಕಳು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ.

8. ಹೊಲಿಗೆ

ದಾರ ಒಂದೂವರೆ ಮೊಳಕ್ಕಿಂತ ಉದ್ದ ಬೇಡ. ಉದ್ದ ದಾರ ಹಾಕಿಕೊಂಡರೆ ಬೇಗ ಮುಗಿಯುತ್ತದೆ ಅನ್ನಿಸುತ್ತದೆ, ಆದರೆ ಸಿಕ್ಕು ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ. ದಾರವನ್ನು ಮೇಣದ ಬತ್ತಿಯ ಮೇಲೆ ಒಂದು ಸಲ ಎಳೆಯಿರಿ, ನಯವಾಗಿ ಓಡುತ್ತದೆ. ಗಂಟನ್ನು ಪದರಗಳ ನಡುವೆ ಎಳೆದು ಅಡಗಿಸಿ.

ಹಾಕಬೇಕಾದ್ದು ಸಾದಾ ಸಾಲು ಹೊಲಿಗೆ, ಮೇಲೆ ಕೆಳಗೆ, ಮೇಲೆ ಕೆಳಗೆ. ಒಂದು ಹೊಲಿಗೆ ಅಕ್ಕಿಕಾಳಿನಷ್ಟು ಉದ್ದ. ಎರಡು ಹೊಲಿಗೆಗಳ ನಡುವಿನ ಜಾಗವೂ ಅಷ್ಟೇ. ಸೂಜಿಯಲ್ಲಿ ಮೂರು ನಾಲ್ಕು ಹೊಲಿಗೆ ಪೋಣಿಸಿಕೊಂಡು ಒಮ್ಮೆಲೇ ಎಳೆಯಿರಿ. ಎಳೆದ ನಂತರ ಹೆಬ್ಬೆರಳಿನಿಂದ ಸಾಲನ್ನು ಹಿಂದಿನಿಂದ ಮುಂದಕ್ಕೆ ಒಮ್ಮೆ ಸವರಿ. ದಾರ ಬಿಗಿಯಾಗಿದ್ದರೆ ಇಲ್ಲೇ ಸಡಿಲವಾಗುತ್ತದೆ.

ಮೊದಲು ಅಂಚಿನ ಮಡಿಕೆಯನ್ನು ಸುತ್ತ ಹೊಲಿಯಿರಿ. ನಂತರ ಒಂದು ಬೆರಳು ಒಳಗೆ, ಅಂದರೆ ಸುಮಾರು 2 ಸೆಂ.ಮೀ. ಬಿಟ್ಟು ಎರಡನೇ ಸುತ್ತು. ಹೀಗೇ ಸುತ್ತು ಸುತ್ತು ಒಳಕ್ಕೆ ಬನ್ನಿ. ದೇವರ ಗುಡಿಗೆ ಪ್ರದಕ್ಷಿಣೆ ಹಾಕಿದ ಹಾಗೆ ಕೊನೆಗೆ ನಡುವಿಗೆ ಬರುತ್ತೀರಿ. ದಾರಿಯಲ್ಲಿ ತುಂಡುಗಳ ಮಡಿಕೆ ಸಿಕ್ಕಾಗ ಅದರ ಅಂಚಿನ ಮೇಲೆ ಹೆಚ್ಚಿಗೆ ಒಂದು ಸಾಲು ಹಾಕಿ, ಇಲ್ಲದಿದ್ದರೆ ಮಗುವಿನ ಬೆರಳು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸಾಲು ಸ್ವಲ್ಪ ಓಲಾಡಿದರೆ ಬಿಚ್ಚಬೇಡಿ. ಸೂಜಿ ಕೆಳಗಿನ ಪದರವನ್ನು ಹಿಡಿಯಿತೋ ಇಲ್ಲವೋ ಎಂಬುದನ್ನು ಮಾತ್ರ ಆಗಾಗ ಕೌದಿ ಮಗುಚಿ ನೋಡಿ. ಹಿಂಬದಿಯಲ್ಲಿ ಹೊಲಿಗೆ ಕಾಣದ ಜಾಗ ಇದ್ದರೆ ಅಲ್ಲಿ ಪದರ ಸಡಿಲವಾಗಿ ಉಳಿದಿದೆ ಎಂದರ್ಥ.

ಮಷೀನ್ ಬಗ್ಗೆ ಕೇಳಿದವರಿಗೆ: ಅಂಚನ್ನು ಮಷೀನಿನಲ್ಲಿ ಹಾಕಿಕೊಳ್ಳಿ, ಅಡ್ಡಿಯಿಲ್ಲ. ಒಳಗಿನ ಸಾಲುಗಳಿಗೆ ಕೈಹೊಲಿಗೆಯೇ ಬೇಕು ಅಂತ ನನ್ನ ಅಭಿಪ್ರಾಯ. ಮಷೀನಿನ ಹೊಲಿಗೆ ಪದರಗಳನ್ನು ಒತ್ತಿ ಹಲಗೆಯ ಹಾಗೆ ಗಟ್ಟಿ ಮಾಡುತ್ತದೆ. ಕೈಹೊಲಿಗೆಯಲ್ಲಿ ಎರಡು ಹೊಲಿಗೆಗಳ ನಡುವೆ ಬಟ್ಟೆ ಸ್ವಲ್ಪ ಉಬ್ಬಿ ಗಾಳಿ ನಿಲ್ಲುತ್ತದೆ. ಆ ಸಣ್ಣ ಸಣ್ಣ ಉಬ್ಬುಗಳೇ ಕೌದಿಯ ಮೆತ್ತಗಿನ ಸುಖ. ಬೆರಳಾಡಿಸಿದರೆ ಗೊತ್ತಾಗುತ್ತದೆ.

ಹೊಲಿಯುತ್ತಿರುವಾಗಲೇ ನಡುವೆ ಉಬ್ಬು ಕಂಡರೆ ಗಾಬರಿ ಬೇಡ. ಅಲ್ಲಿಯ ಬಣ್ಣದ ತುಂಡಿನ ಒಂದು ಬದಿ ಬಿಚ್ಚಿ, ಹೆಚ್ಚಾದ ಬಟ್ಟೆಯನ್ನು ಮಡಿಕೆಯೊಳಗೆ ಸೇರಿಸಿ ಮತ್ತೆ ಕೂರಿಸಿ. ಪೂರ್ತಿ ಮುಗಿದ ಮೇಲೆ ಕಂಡರೂ ಇದೇ ಉಪಾಯ. ಎಲ್ಲ ಮುಗಿದ ನಂತರ ಕಚ್ಚಾ ಹೊಲಿಗೆ ಕಿತ್ತುಹಾಕಿ, ಒಮ್ಮೆ ತೊಳೆದು ಬಿಸಿಲಿಗೆ ಹಾಕಿ.

ಇನ್ನೊಂದು ಮುಖ್ಯ ಮಾತು. ಒಂದು ವರ್ಷದೊಳಗಿನ ಮಗುವಿಗೆ ನಿದ್ದೆಯಲ್ಲಿ ಕೌದಿ ಹೊದಿಸಬೇಡಿ, ಮುಖದ ಮೇಲೆ ಸರಿದರೆ ಉಸಿರಿಗೆ ತೊಂದರೆ. ಎಚ್ಚರ ಇರುವಾಗ ನೆಲದ ಮೇಲೆ ಹಾಸಿ ಆಡಲು ಬಿಡಿ. ಅಡ್ಡ ಬೀಳುವುದು, ಅಂಬೆಗಾಲಿಡುವುದು ಎಲ್ಲ ಅದರ ಮೇಲೆ ಆಗಲಿ.

ದೊಡ್ಡ ಕೌದಿಯ ಲೆಕ್ಕ

ಒಬ್ಬರಿಗೆ ಆಗುವ ಕೌದಿಗೆ ಸೀರೆಯನ್ನು ಅಗಲದಲ್ಲಿ ಹರಿಯುವ ಕೆಲಸವೇ ಇಲ್ಲ. ಉದ್ದವನ್ನು 2 ಮೀಟರ್ 20 ಸೆಂ.ಮೀ.ನಂತೆ ಎರಡು ಭಾಗ ಮಾಡಿ. ಒಂದು ಸೀರೆಗೆ ಎರಡು ಪದರ ಬಂತು, ಒಂದು ಮೀಟರ್ ತುಂಡುಗಳಿಗೆ ಉಳಿಯಿತು. ಇಬ್ಬರಿಗೆ ಆಗಬೇಕಾದರೆ ಅದೇ ಎರಡು ಭಾಗಗಳನ್ನು ಪಕ್ಕಪಕ್ಕ ಕೂಡಿಸಿ, ಅಂದರೆ ಪದರಕ್ಕೊಂದು ಸೀರೆ.

ಬೇಸಿಗೆಗೆ ಹೊದೆಯಲು ಮೂರು ಪದರ ಸಾಕು. ಚಳಿಗೆ, ಹಾಸಲಿಕ್ಕೆ ಐದು ಆರು. ಆರಕ್ಕಿಂತ ಜಾಸ್ತಿ ಹಾಕಿದರೆ ಸೂಜಿ ಹೋಗುವುದಿಲ್ಲ, ಒಗೆಯುವುದೂ ಕಷ್ಟ. ದಾರದ ಲೆಕ್ಕ ಹೀಗೆ: 150 ಸೆಂ.ಮೀ. ಅಗಲ, 210 ಸೆಂ.ಮೀ. ಉದ್ದದ ಕೌದಿಗೆ 2 ಸೆಂ.ಮೀ. ಅಂತರದಲ್ಲಿ ಸುಮಾರು 160 ಮೀಟರ್ ಸಾಲು ಬರುತ್ತದೆ. ಗಂಟು, ಮಡಿಕೆ, ಅಂಚು ಎಲ್ಲ ಸೇರಿ 250 ಮೀಟರ್ ತಂದಿಟ್ಟುಕೊಳ್ಳಿ. ನಡುವೆ ದಾರ ಮುಗಿದರೆ ಅದೇ ಬಣ್ಣ ಮತ್ತೆ ಸಿಗುವುದಿಲ್ಲ.

ಹೊಲಿಯಲು ಆಗದವರು

ಕೈನೋವು, ಕಣ್ಣಿನ ತೊಂದರೆ, ಪುರುಸೊತ್ತಿಲ್ಲ, ಏನೇ ಇರಲಿ, ಕೌದಿ ಹೊಲಿಯುವ ಮಹಿಳೆಯರಿಗೆ ಕೊಡಿ. ಉತ್ತರ ಕರ್ನಾಟಕದ ಊರುಗಳಲ್ಲಿ ವಿಚಾರಿಸಿದರೆ ಸಿಗುತ್ತಾರೆ. ಬಟ್ಟೆಗಳನ್ನು ತೊಳೆದೇ ಕೊಡಿ. ಎಷ್ಟು ಪದರ, ಯಾವ ಅಳತೆ, ಯಾವ ಬಟ್ಟೆ ಕಾಣುವಂತೆ ಮೇಲೆ ಬರಬೇಕು ಅಂತ ಮೊದಲೇ ಹೇಳಿ. ಬಣ್ಣ ಜೋಡಿಸುವುದನ್ನು ಅವರಿಗೇ ಬಿಡಿ, ಅವರ ಕಣ್ಣು ನಮ್ಮದಕ್ಕಿಂತ ಪಳಗಿದ್ದು.

ಹಣದ ವಿಷಯ. "ಬಟ್ಟೆ ನಮ್ಮದೇ ಅಲ್ವಾ, ಹೊಲಿಗೆಗೆ ಇಷ್ಟೇಕೆ" ಅಂತ ಚೌಕಾಸಿ ಮಾಡುವುದು ನನಗೆ ತುಂಬಾ ಬೇಸರ ತರುತ್ತದೆ. 160 ಮೀಟರ್ ಸಾಲಿನಲ್ಲಿ ಒಂದು ಮೀಟರಿಗೆ ನೂರರಷ್ಟು ಹೊಲಿಗೆ. ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳಿ, ಆ ದಿನಗಳಿಗೆ ನಿಮ್ಮ ಊರಿನಲ್ಲಿ ಕೂಲಿ ಎಷ್ಟು ಅಂತ ಲೆಕ್ಕ ಹಾಕಿ. ಅದಕ್ಕಿಂತ ಕಡಿಮೆ ಕೊಡಬೇಡಿ.

ಒಗೆಯುವುದು, ಇಡುವುದು, ತೇಪೆ

ಮಗುವಿನ ಕೌದಿಯನ್ನು ವಾಷಿಂಗ್ ಮಷೀನಿನಲ್ಲಿ ಜೆಂಟಲ್ ಸೆಟ್ಟಿಂಗಿನಲ್ಲಿ ಒಗೆಯಬಹುದು. ದೊಡ್ಡದು ಬೇಡ. ಆರು ಪದರದ ದೊಡ್ಡ ಕೌದಿ ಒಣಗಿದಾಗಲೇ ಎರಡು ಕಿಲೋ ಹತ್ತಿರ ಇರುತ್ತದೆ, ನೀರು ಕುಡಿದರೆ ಅದರ ಎರಡು ಪಟ್ಟು ಮೀರುತ್ತದೆ. ಟಬ್ಬಿನಲ್ಲಿ ನೆನೆಸಿ ಕಾಲಿನಿಂದ ತುಳಿದು ತೊಳೆಯಿರಿ. ಹಿಂಡಬೇಡಿ, ಕಟ್ಟೆಯ ಮೇಲೆ ಹಾಕಿ ನೀರು ಬಸಿಯಲು ಬಿಡಿ. ಒಂದೇ ಹಗ್ಗಕ್ಕೆ ನೇತು ಹಾಕಿದರೆ ಭಾರಕ್ಕೆ ಹೊಲಿಗೆ ಹರಿಯುತ್ತದೆ. ಎರಡು ಹಗ್ಗದ ಮೇಲೆ ಹರಡಿ, ಬಣ್ಣದ ಬದಿ ಕೆಳಗೆ ಮಾಡಿ.

ಪೂರ್ತಿ ಒಣಗಿದೆ ಅನ್ನಿಸಿದ ಮೇಲೂ ಇನ್ನೊಂದು ದಿನ ಬಿಸಿಲು ತೋರಿಸಿ, ಒಳಪದರದ ಪಸೆ ಹೊರಗೆ ಗೊತ್ತಾಗುವುದಿಲ್ಲ. ಒಣಗಿದ ಬೇವಿನ ಎಲೆಗಳನ್ನು ಹಳೆ ಬಟ್ಟೆಯಲ್ಲಿ ಕಟ್ಟಿ ಜೊತೆಗಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿಡಬೇಡಿ. ವರ್ಷಕ್ಕೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ಅದೇ ಗೆರೆಯಲ್ಲಿ ಸವೆಯುತ್ತದೆ.

ಎಲ್ಲಾದರೂ ಹರಿದರೆ ಹರಿದ ತುಂಡನ್ನು ಕಿತ್ತು ತೆಗೆಯಬೇಡಿ. ಅದರ ಮೇಲೆಯೇ ಇನ್ನೊಂದನ್ನು ಅಂಚು ಮಡಚಿ ಇಟ್ಟು, ಹಳೆ ಹೊಲಿಗೆಯ ಸಾಲಿನ ಮೇಲೆಯೇ ಹೊಸ ಸಾಲು ಹಾಕಿ. ನಮ್ಮ ಮನೆಯ ಹಳೆ ಕೌದಿಯ ಒಂದು ಮೂಲೆಯಲ್ಲಿ ಈಗ ಮೂರು ತೇಪೆ ಒಂದರ ಮೇಲೊಂದು ಕೂತಿವೆ. ಎಲ್ಲಕ್ಕಿಂತ ಕೆಳಗೆ ಅಜ್ಜಿಯ ಹಸಿರು ಸೀರೆ, ಮೇಲೆ ನನ್ನ ಮಗಳ ಶಾಲೆಯ ಅಂಗಿ.